ಐಸ್ ಹಾಕಿ: ತಂಡ ಯಾರ ಸ್ವತ್ತು?

ಆಟ ಮುಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಅದು ಮಾತಿನ ಆಟ. ಗೋಲು ಬಿಟ್ಟುಕೊಟ್ಟವನು ಯಾರು, ಅವನನ್ನು ಕಣಕ್ಕಿಳಿಸಿದ ಪುಣ್ಯಾತ್ಮ ಯಾರು, ಒಳ್ಳೆಯ ಆಟಗಾರನನ್ನು ಮಾರಿಕೊಂಡ ಆಡಳಿತ ಮಂಡಳಿಗೆ ಬುದ್ಧಿ ಇದೆಯೇ, ಟೀವಿಯಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದವನು ಯಾರ ಕಡೆಯವನು? ಇಂಥ ಮಾತಿಗೆ ಕೊನೆಯಿಲ್ಲ. ನಮ್ಮಲ್ಲಿ ಬೈಟೂ ಕಾಫಿಯ ಮುಂದೆ ಕ್ರಿಕೆಟ್ ಕುರಿತು ನಡೆಯುವ ಈ ಚರ್ಚೆ ಕೆನಡಾದಲ್ಲಿ ನಡೆಯುವುದು ಐಸ್ ಹಾಕಿಯ ಕುರಿತು.

ಆ ಚರ್ಚೆಯಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಮಾತು 'ನಮ್ಮ ತಂಡ'. ಆದರೆ ಕಾಗದಪತ್ರಗಳ ಪ್ರಕಾರ ತಂಡ ಮಾಲೀಕನದು, ನಿಯಮ ಲೀಗಿನದು, ಪ್ರಸಾರದ ಹಕ್ಕು ಕೋಟ್ಯಂತರ ಡಾಲರ್ ಕೊಟ್ಟ ಸಂಸ್ಥೆಯದು. ಹಾಗಾದರೆ ಅಭಿಮಾನಿಗೆ ಸೇರಿದ್ದು ಏನು? ಕೆನಡಾದ ಹಾಕಿ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಒಮ್ಮೆ ಬೀದಿಗಿಳಿದಿದೆ, ಒಮ್ಮೆ ಸಂಸತ್ತನ್ನೂ ಮುಟ್ಟಿದೆ.

ಮಂಜುಗಡ್ಡೆಯ ಅಂಗಳ

ಹಾಕಿ ಎಂದರೆ ಕನ್ನಡಿಗರಿಗೆ ನೆನಪಾಗುವುದು ಧ್ಯಾನ್ ಚಂದ್ ಮತ್ತು ಕೊಡಗಿನ ಮೈದಾನಗಳು. ಕೆನಡಾದ ಹಾಕಿ ಬೇರೆಯೇ ಬಗೆಯದು. ಅಲ್ಲಿ ಅಂಗಳವೆಲ್ಲ ನುಣುಪಾದ ಮಂಜುಗಡ್ಡೆ. ಆಟಗಾರರ ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ ಇರುತ್ತದೆ. ಒಂದೊಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರು ಮಂದಿ ಕಣದಲ್ಲಿರುತ್ತಾರೆ. ತಲಾ 20 ನಿಮಿಷಗಳ ಮೂರು ಅವಧಿಗಳ ಆಟ ಇದು. ವೇಗ ಎಷ್ಟೆಂದರೆ, ಆಟಗಾರ ಒಂದು ನಿಮಿಷದೊಳಗೇ ದಣಿದು ಬೆಂಚಿಗೆ ಮರಳುತ್ತಾನೆ. ಆಟ ನಿಲ್ಲದಂತೆಯೇ ಮತ್ತೊಬ್ಬ ಅವನ ಜಾಗಕ್ಕೆ ನುಗ್ಗುತ್ತಾನೆ.

1875ರ ಮಾರ್ಚ್ 3ರಂದು ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ನಡೆದ ಪಂದ್ಯವನ್ನು ಒಳಾಂಗಣ ಐಸ್ ಹಾಕಿಯ ಮೊದಲ ವ್ಯವಸ್ಥಿತ ಪಂದ್ಯವೆಂದು ಗುರುತಿಸಲಾಗಿದೆ. 1892ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿ ಈ ಆಟಕ್ಕೆ ಬೆಳ್ಳಿಯ ಬಟ್ಟಲೊಂದನ್ನು ದಾನವಾಗಿ ಕೊಟ್ಟರು. ಇಂದಿಗೂ ಆಟಗಾರರು ಕನಸು ಕಾಣುವ ಸ್ಟಾನ್ಲಿ ಕಪ್ ಅದೇ. 1917ರಲ್ಲಿ ಮಾಂಟ್ರಿಯಲ್‌ನಲ್ಲೇ ಹುಟ್ಟಿದ ನ್ಯಾಷನಲ್ ಹಾಕಿ ಲೀಗ್ ಬೆಳೆದು 32 ತಂಡಗಳ ಸಂಸ್ಥೆಯಾಗಿದೆ. ಅವುಗಳಲ್ಲಿ ಏಳು ಮಾತ್ರ ಕೆನಡಾದವು, ಉಳಿದವೆಲ್ಲ ಅಮೆರಿಕದವು. ಆಟ ಹುಟ್ಟಿದ್ದು ಒಂದು ದೇಶದಲ್ಲಿ, ಅದರ ಹಣದ ಚೀಲ ಇರುವುದು ಇನ್ನೊಂದು ದೇಶದಲ್ಲಿ. ಕೆನಡಾದ ಅಭಿಮಾನಿಗಳ ಅರ್ಧ ಸಂಕಟಕ್ಕೆ ಇದೇ ಮೂಲ.

ಗೋಲು ಬೀಳುವ ತನಕ

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಪ್ರತಿ ತಂಡವೂ ಎಂಬತ್ತಕ್ಕಿಂತ ಹೆಚ್ಚು ಪಂದ್ಯ ಆಡುತ್ತದೆ. ಆ ಬಳಿಕ ಅಗ್ರ 16 ತಂಡಗಳು 'ಪ್ಲೇಆಫ್' ಪ್ರವೇಶಿಸುತ್ತವೆ. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಇಂಥ ನಾಲ್ಕು ಸುತ್ತು ದಾಟಬೇಕು. ಅಂದರೆ ಕಪ್ ಎತ್ತಲು 16 ಗೆಲುವು ಬೇಕು.

ಉಳಿದ ದಿನಗಳಲ್ಲಿ ಪಂದ್ಯ ಸಮವಾದರೆ ಐದು ನಿಮಿಷದ ಹೆಚ್ಚುವರಿ ಆಟ, ನಂತರ ಪೆನಾಲ್ಟಿ ಹೊಡೆತಗಳ ಮೂಲಕ ತೀರ್ಮಾನ. ಪ್ಲೇಆಫ್‌ನಲ್ಲಿ ಈ ರಿಯಾಯಿತಿ ಇಲ್ಲ. ಯಾರಾದರೊಬ್ಬರು ಗೋಲು ಹೊಡೆಯುವ ತನಕ 20 ನಿಮಿಷದ ಅವಧಿಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. 1936ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಣ ಪಂದ್ಯ ಆರನೇ ಹೆಚ್ಚುವರಿ ಅವಧಿಗೆ ಹೋಯಿತು. ಹೆಚ್ಚುವರಿ ಆಟವೇ 116 ನಿಮಿಷ ದಾಟಿದ ಮೇಲೆ ಡೆಟ್ರಾಯಿಟ್‌ನ ಬ್ರೂನೆಟೋ ಹೊಡೆದ ಒಂದೇ ಗೋಲು ಪಂದ್ಯ ಮುಗಿಸಿತು. ಆ ದಾಖಲೆ ಇಂದಿಗೂ ಅಳಿದಿಲ್ಲ.

ವರ್ಷವಿಡೀ ನಡೆದ ತಪ್ಪುಗಳ ಲೆಕ್ಕ ಚುಕ್ತಾ ಆಗುವುದು ಈ ಎರಡು ತಿಂಗಳಲ್ಲಿ. ಅಭಿಮಾನಿಯ ನಾಲಿಗೆ ಹರಿತವಾಗುವುದೂ ಆಗಲೇ. ಕೆನಡಾದ ತಂಡವೊಂದು ಕಪ್ ಗೆದ್ದದ್ದು 1993ರಲ್ಲಿ, ಗೆದ್ದದ್ದು ಮಾಂಟ್ರಿಯಲ್. ಅಲ್ಲಿಂದ 2025ರವರೆಗೆ ಒಂದೂ ತಂಡಕ್ಕೆ ಆ ಭಾಗ್ಯ ಬರಲಿಲ್ಲ. 2024 ಮತ್ತು 2025ರ ಫೈನಲ್‌ಗಳಲ್ಲಿ ಎಡ್ಮಂಟನ್ ತಂಡ ಸೋತದ್ದು ಹಿಮವನ್ನೇ ಕಾಣದ ಫ್ಲಾರಿಡಾದ ಎದುರು. ಟೊರಾಂಟೊ ನಗರವಂತೂ 1967ರಲ್ಲಿ ಕಂಡ ಕಪ್ಪನ್ನು ಆ ಅವಧಿಯಲ್ಲಿ ಮತ್ತೆ ಕಾಣಲಿಲ್ಲ.

ಶಿಕ್ಷೆಯ ಹಿಂದಿನ ಗಾಯ

ಅಭಿಮಾನಿಯ ಸಿಟ್ಟಿನ ಹಿಂದೆ ಆಟಕ್ಕಿಂತ ದೊಡ್ಡ ಸಂಗತಿ ಅಡಗಿರಬಹುದು ಎಂಬುದಕ್ಕೆ 1955ರ ಮಾಂಟ್ರಿಯಲ್ ಸಾಕ್ಷಿ. ಆ ನಗರದ ಕನೇಡಿಯನ್ಸ್ ತಂಡದ ಮೊರಿಸ್ ರಿಷಾರ್ ಆಗಿನ ಮಹಾನ್ ಆಟಗಾರ. 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದು ಹೆಸರು ಮಾಡಿದ್ದ ಫ್ರೆಂಚ್ ಭಾಷಿಕ. ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚ್ ಮಾತನಾಡುವವರೇ ಬಹುಸಂಖ್ಯಾತರು. ಆದರೆ ಕಾರ್ಖಾನೆ, ಬ್ಯಾಂಕುಗಳ ಮೇಲಿನ ಕುರ್ಚಿಗಳಲ್ಲಿ ಆಗ ಹೆಚ್ಚಾಗಿ ಕೂತಿದ್ದವರು ಇಂಗ್ಲಿಷರು. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಕೂಡ ಇಂಗ್ಲಿಷ್ ಭಾಷಿಕ.

ಮಾರ್ಚ್ 13ರಂದು ಬೋಸ್ಟನ್‌ನಲ್ಲಿ ಎದುರಾಳಿಯ ಕೋಲಿನ ಏಟು ತಿಂದ ರಿಷಾರ್ ತಿರುಗಿಬಿದ್ದ. ತಡೆಯಲು ಬಂದ ಪಂದ್ಯಾಧಿಕಾರಿಯ ಮೇಲೂ ಕೈಮಾಡಿದ. ತಪ್ಪು ಸಣ್ಣದೇನಲ್ಲ. ಆದರೆ ಕ್ಯಾಂಪ್‌ಬೆಲ್ ವಿಧಿಸಿದ ಶಿಕ್ಷೆ ಉಳಿದ ಮೂರು ಪಂದ್ಯಗಳ ಜೊತೆಗೆ ಇಡೀ ಪ್ಲೇಆಫ್‌ಗೂ ಅನ್ವಯವಾಗುತ್ತಿತ್ತು. ತಮ್ಮವನೆಂಬ ಕಾರಣಕ್ಕೇ ಇಷ್ಟು ಕಠಿಣ ಶಿಕ್ಷೆ ಎಂದು ಫ್ರೆಂಚ್ ಜನ ಕುದಿದರು.

ಮಾರ್ಚ್ 17ರಂದು ಡೆಟ್ರಾಯಿಟ್ ಎದುರಿನ ಪಂದ್ಯ ನೋಡಲು ಸ್ವತಃ ಕ್ಯಾಂಪ್‌ಬೆಲ್ ಬಂದು ಕೂತರು. ಮೊಟ್ಟೆ, ಟೊಮೇಟೊಗಳ ಸುರಿಮಳೆಯಾಯಿತು. ಅಶ್ರುವಾಯು ಡಬ್ಬಿಯೊಂದು ಸಿಡಿಯಿತು. ಮಾಂಟ್ರಿಯಲ್ ಪಂದ್ಯವನ್ನೇ ಬಿಟ್ಟುಕೊಡಬೇಕಾಯಿತು. ಜನ ಹೊರಬಂದು ಸೇಂಟ್ ಕ್ಯಾಥರೀನ್ ಬೀದಿಯ ಅಂಗಡಿಗಳ ಗಾಜು ಒಡೆದರು. ಮರುದಿನ ರಿಷಾರ್‌ನೇ ಬಾನುಲಿ ಮತ್ತು ಟೀವಿಯಲ್ಲಿ ಮಾತನಾಡಿ, ಶಿಕ್ಷೆ ಅನುಭವಿಸಿ ಮುಂದಿನ ವರ್ಷ ಮರಳಿ ಬರುವೆ ಎಂದು ಸಮಾಧಾನ ಹೇಳಿದ ಮೇಲೆ ಊರು ತಣ್ಣಗಾಯಿತು. ಆ ವರ್ಷದ ಫೈನಲ್‌ನಲ್ಲಿ ಮಾಂಟ್ರಿಯಲ್ ಸೋತಿತು. 1956ರಿಂದ 1960ರವರೆಗೆ ಸತತ ಐದು ಬಾರಿ ಕಪ್ ಗೆದ್ದಿತು. ಕ್ವಿಬೆಕ್ ಸಮಾಜದಲ್ಲಿ 1960ರ ಸುಮಾರಿಗೆ ಆರಂಭವಾದ ದೊಡ್ಡ ಬದಲಾವಣೆಗೆ ಈ ಗಲಭೆ ಮುನ್ಸೂಚನೆಯಾಗಿತ್ತು ಎಂದು ಹೇಳುವವರು ಬಹಳ. 2000ದಲ್ಲಿ ರಿಷಾರ್ ತೀರಿಕೊಂಡಾಗ ಪ್ರಾಂತೀಯ ಸರ್ಕಾರವೇ ಗೌರವದ ಅಂತ್ಯಸಂಸ್ಕಾರ ನಡೆಸಿತು.

ಹಾಗೆಂದು ಅಭಿಮಾನಿ ಸದಾ ನ್ಯಾಯದ ಪಕ್ಷದಲ್ಲಿರುತ್ತಾನೆ ಎನ್ನುವಂತಿಲ್ಲ. ಅದೇ ಋತುವಿನಲ್ಲಿ ರಿಷಾರ್ ಗೈರುಹಾಜರಾದಾಗ, ಸಹ ಆಟಗಾರ ಜೆಫ್ರಿಯೊನ್ ಒಂದೇ ಅಂಕದಿಂದ ಅವನನ್ನು ಹಿಂದಿಕ್ಕಿ ಅಗ್ರಸ್ಥಾನ ಪಡೆದ. ತಮ್ಮದೇ ತಂಡದವನು ಎಂಬುದನ್ನೂ ಮರೆತು ಮಾಂಟ್ರಿಯಲ್ ಜನ ಅವನನ್ನು ಮೂದಲಿಸಿದರು. 2011ರಲ್ಲಿ ಫೈನಲ್ ಸೋತ ರಾತ್ರಿ ವ್ಯಾಂಕೂವರ್‌ನಲ್ಲಿ ಕಾರುಗಳಿಗೆ ಬೆಂಕಿ ಬಿತ್ತು. ಅದರ ಹಿಂದೆ ಯಾವ ಸಾಮಾಜಿಕ ಗಾಯವೂ ಇರಲಿಲ್ಲ.

ಮಾರಾಟವಾದ ಮನೆಮಗ

ಎರಡನೆಯ ತಕರಾರು ಆಡಳಿತದ ಮೇಲಿನದು. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದನ್ನು ನಿರ್ಧರಿಸುವವನು ತಂಡದ ಜನರಲ್ ಮ್ಯಾನೇಜರ್. 2005ರಿಂದ ಸಂಬಳದ ಒಟ್ಟು ಮೊತ್ತಕ್ಕೂ ಲೀಗು ಮಿತಿ ಹಾಕಿದೆ. ಆದ್ದರಿಂದ ಇಂದಿನ ಅಭಿಮಾನಿ ಗೋಲಿನ ಜೊತೆಗೆ ಸಂಬಳದ ಲೆಕ್ಕವನ್ನೂ ಹಾಕುತ್ತಾನೆ. ಇಂಥವನಿಗೆ ಇಷ್ಟು ಕೊಟ್ಟರೆ ರಕ್ಷಣಾ ಆಟಗಾರನಿಗೆ ಏನು ಉಳಿಯುತ್ತದೆ ಎಂದು ಗುಮಾಸ್ತನಂತೆ ವಾದಿಸುತ್ತಾನೆ. ಆದರೆ ಕೊನೆಯ ಸಹಿ ಮಾತ್ರ ಅವನದಲ್ಲ.

ಆ ಸಹಿಯ ಬಲ ಏನೆಂದು ದೇಶಕ್ಕೆ ತಿಳಿದದ್ದು 1988ರ ಆಗಸ್ಟ್ 9ರಂದು. ಎಡ್ಮಂಟನ್ ತಂಡಕ್ಕೆ ನಾಲ್ಕು ಕಪ್ ಗೆದ್ದುಕೊಟ್ಟಿದ್ದ ವೇಯ್ನ್ ಗ್ರೆಟ್ಸ್‌ಕಿಯನ್ನು ಮಾಲೀಕ ಪೀಟರ್ ಪಾಕ್ಲಿಂಗ್ಟನ್ ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟರು. ವಿನಿಮಯದಲ್ಲಿ ಆಟಗಾರರ ಜೊತೆಗೆ ಒಂದೂವರೆ ಕೋಟಿ ಡಾಲರ್ ಇತ್ತು. ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಸ್‌ಕಿ ಕಣ್ಣೀರಿಟ್ಟರು. ಸರ್ಕಾರ ಈ ವಹಿವಾಟನ್ನು ತಡೆಯಬೇಕೆಂದು ಸಂಸದ ನೆಲ್ಸನ್ ರೀಸ್ ಒತ್ತಾಯಿಸಿದರು. ವಹಿವಾಟು ನಿಲ್ಲಲಿಲ್ಲ. ಗ್ರೆಟ್ಸ್‌ಕಿ ಇಲ್ಲದೆಯೂ ಎಡ್ಮಂಟನ್ 1990ರಲ್ಲಿ ಮತ್ತೊಮ್ಮೆ ಕಪ್ ಗೆದ್ದಿತಾದರೂ ಆ ನೋವು ಮಾಯಲಿಲ್ಲ.

ಆಟಗಾರ ಹೋದರೆ ತಂಡವಾದರೂ ಉಳಿಯುತ್ತದೆ. ಕ್ವಿಬೆಕ್ ನಗರಕ್ಕೆ ಆ ಸಮಾಧಾನವೂ ದಕ್ಕಲಿಲ್ಲ. 1995ರಲ್ಲಿ ಅಲ್ಲಿಯ ನಾರ್ಡಿಕ್ಸ್ ತಂಡ ಮಾರಾಟವಾಗಿ ಅಮೆರಿಕದ ಡೆನ್ವರ್‌ಗೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಡೆಟ್ರಾಯಿಟ್ ಎದುರು ಒಂಬತ್ತು ಗೋಲು ಬಿಟ್ಟುಕೊಡುವವರೆಗೂ ತರಬೇತುದಾರ ಅವರನ್ನು ಹೊರಗೆ ಕರೆಸಲಿಲ್ಲ. ಅವಮಾನಗೊಂಡ ರುವಾ ಇನ್ನು ಈ ತಂಡಕ್ಕೆ ಆಡುವುದಿಲ್ಲವೆಂದು ಅಲ್ಲೇ ಅಧ್ಯಕ್ಷರಿಗೆ ಹೇಳಿದರು. ನಾಲ್ಕೇ ದಿನಗಳಲ್ಲಿ ಅವರನ್ನು ಕಳುಹಿಸಿದ್ದು ಇದೇ ಡೆನ್ವರ್ ತಂಡಕ್ಕೆ. 1996ರ ಜೂನ್‌ನಲ್ಲಿ ಆ ತಂಡ ಕಪ್ ಎತ್ತಿತು. ಕ್ವಿಬೆಕ್ ಜನ ವರ್ಷಗಟ್ಟಲೆ ಸಾಕಿ ಬೆಳೆಸಿದ ತಂಡ, ಊರು ಬಿಟ್ಟ ಮೊದಲ ವರ್ಷವೇ ಗೆದ್ದಿತು. ಹಾಲು ಹಿಂಡಿದವರು ಒಬ್ಬರು, ಕೆನೆ ಉಂಡವರು ಇನ್ನೊಬ್ಬರು. 1996ರಲ್ಲಿ ವಿನಿಪೆಗ್ ತಂಡವೂ ಫೀನಿಕ್ಸ್‌ಗೆ ವಲಸೆ ಹೋಯಿತು. ಆ ಊರಿಗೆ ಬೇರೊಂದು ತಂಡ ಬರಲು 2011ರವರೆಗೆ ಕಾಯಬೇಕಾಯಿತು.

ಲೀಗಿನ ಮುಖ್ಯಸ್ಥರಾಗಿ 1993ರಲ್ಲಿ ಅಧಿಕಾರ ವಹಿಸಿಕೊಂಡ ಗ್ಯಾರಿ ಬೆಟ್‌ಮನ್ ಕಪ್ ಪ್ರದಾನ ಮಾಡಲು ಬಂದಾಗಲೆಲ್ಲ ಪ್ರೇಕ್ಷಕರು ಕೂಗಿ ಅಣಕಿಸುವುದು ಒಂದು ಸಂಪ್ರದಾಯವೇ ಆಗಿಹೋಗಿದೆ. ಮತ ಇಲ್ಲದವರು ಹಾಕುವ ಮತ ಅದು.

ಧ್ವನಿ ಕಟ್ಟಿದ ದೇಶ

ಮೂರನೆಯದು ವೀಕ್ಷಕ ವಿವರಣೆ. ಕೆನಡಾದಂಥ ವಿಶಾಲ ದೇಶದಲ್ಲಿ ಬಹುಪಾಲು ಜನರಿಗೆ ಹಾಕಿ ಮೊದಲು ಬಂದದ್ದು ಕಿವಿಯ ಮೂಲಕ. 1923ರಲ್ಲಿ ಟೊರಾಂಟೊದಿಂದ ಬಾನುಲಿ ವಿವರಣೆ ಆರಂಭಿಸಿದ ಫಾಸ್ಟರ್ ಹೆವಿಟ್ ಮುಂದೆ ಶನಿವಾರ ರಾತ್ರಿಗಳ ಧ್ವನಿಯಾದರು. 1931ರಲ್ಲಿ ತೆರೆದ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣದಲ್ಲಿ ಛಾವಣಿಗೆ ತೂಗುಬಿಟ್ಟ ಕಟ್ಟೆಯ ಮೇಲೆ ಕೂತು ಅವರು ಆಟವನ್ನು ಬಣ್ಣಿಸುತ್ತಿದ್ದರು. 'ಹೊಡೆದ, ಗೋಲು!' ಎಂಬ ಅರ್ಥದ ಅವರ ಉದ್ಗಾರ ಮಕ್ಕಳ ಬಾಯಲ್ಲೂ ನಲಿಯಿತು. ಟೊರಾಂಟೊ ನಗರವನ್ನು ಕಣ್ಣಿಂದ ಕಾಣದ, ಸಾವಿರಾರು ಮೈಲಿ ದೂರದ ರೈತನೂ ಆ ತಂಡದ ಅಭಿಮಾನಿಯಾದದ್ದು ಆ ಧ್ವನಿಯಿಂದ.

1952ರಲ್ಲಿ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ ಹಾಕಿಯನ್ನು ಟೀವಿಗೆ ತಂದಾಗ ಫ್ರೆಂಚ್ ವಿವರಣೆಗೆ ಬಂದವರು ರೆನೆ ಲೆಕವಾಲಿಯೆ. ಆಟದ ಪದಗಳೆಲ್ಲ ಇಂಗ್ಲಿಷಿನಲ್ಲಿದ್ದ ಕಾಲವದು. ಅವರು ಅಚ್ಚ ಫ್ರೆಂಚ್ ಪದಗಳನ್ನು ಬಳಕೆಗೆ ತಂದರು. ತಮ್ಮ ಆಟವನ್ನು ತಮ್ಮ ಮಾತಿನಲ್ಲೇ ಕೇಳುವ ಹಿಗ್ಗು ಆ ಜನಕ್ಕೆ ದೊರಕಿತು.

ಪ್ರಸಾರವೂ ಕೊನೆಗೆ ವ್ಯಾಪಾರವೇ. ಸಿಬಿಸಿಯ ಹಾಕಿ ಕಾರ್ಯಕ್ರಮದ ಆರಂಭ ಸಂಗೀತವನ್ನು ಜನ ಎರಡನೇ ರಾಷ್ಟ್ರಗೀತೆ ಎನ್ನುತ್ತಿದ್ದರು. 2008ರಲ್ಲಿ ಅದರ ಹಕ್ಕು ಖಾಸಗಿ ಸಂಸ್ಥೆಯ ಪಾಲಾಯಿತು. 2013ರಲ್ಲಿ ರಾಜರ್ಸ್ ಕಂಪನಿ 12 ವರ್ಷಗಳ ಪ್ರಸಾರ ಹಕ್ಕನ್ನು 520 ಕೋಟಿ ಕೆನಡಾ ಡಾಲರ್‌ಗೆ ಕೊಂಡಿತು. 2025ರ ಒಪ್ಪಂದದಲ್ಲಿ ಮುಂದಿನ 12 ವರ್ಷಗಳಿಗೆ ಆ ಬೆಲೆ 1,100 ಕೋಟಿಗೆ ಏರಿತು.

ಪಂಜಾಬಿಯಲ್ಲಿ ಗೋಲು

ಈ ಕಥೆಗೆ ಭಾರತದ ನಂಟೊಂದು ಬೆಸೆದದ್ದು 2008ರಲ್ಲಿ. ಕೆನಡಾದಲ್ಲಿ ಪಂಜಾಬಿ ಭಾಷಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2021ರ ಜನಗಣತಿಯ ಪ್ರಕಾರ ಮನೆಯಲ್ಲಿ ಮುಖ್ಯವಾಗಿ ಪಂಜಾಬಿ ಆಡುವವರೇ 5 ಲಕ್ಷಕ್ಕೂ ಅಧಿಕ. ಇವರಿಗಾಗಿ ಸಿಬಿಸಿ ಪಂಜಾಬಿ ವಿವರಣೆ ಆರಂಭಿಸಿತು. ಆಲ್ಬರ್ಟಾ ಪ್ರಾಂತದ ಸಣ್ಣ ಊರಿನಲ್ಲಿ ಹುಟ್ಟಿದ ಹರ್‌ನಾರಾಯಣ್ ಸಿಂಗ್ ಅದರ ಪ್ರಮುಖ ಧ್ವನಿಯಾದರು. ಪಕ್ ಎಂಬ ಬಿಲ್ಲೆ ಅವರ ಬಾಯಲ್ಲಿ 'ಟಿಕ್ಕಿ' ಆಯಿತು. ಆಲೂ ಟಿಕ್ಕಿ ತಿಂದವರಿಗೆ ಬೇರೆ ವಿವರಣೆ ಬೇಕೆ?

2016ರ ಮೇ 30ರಂದು ಫೈನಲ್‌ನ ಮೊದಲ ಪಂದ್ಯದಲ್ಲಿ, ಆಟ ಮುಗಿಯಲು ಮೂರು ನಿಮಿಷಕ್ಕೂ ಕಡಿಮೆ ಇದ್ದಾಗ ಪಿಟ್ಸ್‌ಬರ್ಗ್‌ನ ನಿಕ್ ಬೊನೀನೊ ಗೋಲು ಹೊಡೆದರು. ಸಿಂಗ್ 'ಬೊನೀನೊ' ಎಂಬ ಹೆಸರನ್ನೇ ಉಸಿರು ಬಿಡದೆ ಮತ್ತೆ ಮತ್ತೆ ಕೂಗಿದರು. ಪಂಜಾಬಿಯ ಗಂಧವೇ ಇಲ್ಲದ ಅಮೆರಿಕನ್ನರೂ ಆ ಧ್ವನಿಮುದ್ರಣಕ್ಕೆ ಮರುಳಾದರು. ಕಪ್ ಗೆದ್ದ ಪಿಟ್ಸ್‌ಬರ್ಗ್ ತನ್ನ ವಿಜಯೋತ್ಸವಕ್ಕೆ ಪಂಜಾಬಿ ವಿವರಣೆಕಾರರನ್ನು ಆಹ್ವಾನಿಸಿತು.

ಮೂರು ವರ್ಷಗಳ ನಂತರ ಇದಕ್ಕೆ ವ್ಯತಿರಿಕ್ತ ಘಟನೆ ನಡೆಯಿತು. 1980ರ ದಶಕದಿಂದ ಹಾಕಿ ಪ್ರಸಾರದ ನಡುವೆ ನೇರನುಡಿಗೆ ಹೆಸರಾಗಿದ್ದ ಡಾನ್ ಚೆರಿ, ಯುದ್ಧದಲ್ಲಿ ಮಡಿದ ಸೈನಿಕರ ನೆನಪಿನ ಗಸಗಸೆ ಹೂವನ್ನು ವಲಸಿಗರು ಧರಿಸುವುದಿಲ್ಲ ಎಂದು 2019ರ ನವೆಂಬರ್‌ನಲ್ಲಿ ಹಂಗಿಸಿದರು. 'ನೀವು ಜನ' ಎಂದು ಅವರನ್ನು ಬೇರೆಯಾಗಿ ನಿಲ್ಲಿಸಿದ ಧಾಟಿ ಹಲವರನ್ನು ನೋಯಿಸಿತು. ಚೆರಿ ಕೆಲಸ ಕಳೆದುಕೊಂಡರು. ಅವರ ಪರವಾಗಿಯೂ ಸಾಕಷ್ಟು ಮಂದಿ ವಾದಿಸಿದರು. ಆಟದ ವಿವರಣೆಯಲ್ಲಿ 'ನಾವು' ಎಂಬ ಮಾತಿಗೆ ಯಾರೆಲ್ಲ ಸೇರುತ್ತಾರೆ ಎಂಬುದೇ ಆ ಜಗಳದ ತಿರುಳಾಗಿತ್ತು.

1955ರ ಫ್ರೆಂಚ್ ಕಾರ್ಮಿಕ, 1995ರ ಕ್ವಿಬೆಕ್ ನಗರವಾಸಿ, ಪಂಜಾಬಿಯಲ್ಲಿ ಗೋಲು ಕೇಳಿ ಕುಣಿದ ವಲಸಿಗರ ಕುಟುಂಬ, ಇವರಲ್ಲಿ ಯಾರಿಗೂ ತಂಡದಲ್ಲಿ ಒಂದು ಕಾಸಿನ ಪಾಲೂ ಇಲ್ಲ. ಆದರೂ ಮಾಲೀಕ ಮಾರುವಾಗ ಬೆಲೆ ಕಟ್ಟುವುದು ಇವರ ಅಭಿಮಾನಕ್ಕೆ; ಪ್ರಸಾರ ಸಂಸ್ಥೆ ಕೋಟಿಗಟ್ಟಲೆ ಸುರಿಯುವುದು ಇವರ ಕಣ್ಣು ಕಿವಿಗಳಿಗೆ. ತಂಡವನ್ನು ಊರಿನಿಂದ ಎಬ್ಬಿಸಿಕೊಂಡು ಹೋಗಬಹುದು, ಸಂಗೀತವನ್ನು ಹರಾಜಿನಲ್ಲಿ ಕೊಳ್ಳಬಹುದು. ಆದರೆ ಮರುದಿನ ಬೆಳಿಗ್ಗೆ ಕಾಫಿಯ ಮುಂದೆ 'ನಮ್ಮ ತಂಡ' ಎಂದು ಶುರುವಾಗುವ ಜಗಳವನ್ನು ಈವರೆಗೆ ಯಾರೂ ಕೊಂಡುಕೊಂಡಿಲ್ಲ.