ಇಳಿದ ಅಂಕಗಳನ್ನು ಏರಿಸುವ ಬಗೆ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದು ಬಹುಕಾಲದಿಂದ ಬಂದ ಗಾದೆ. ಕಾಲೇಜಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ಈ ಗಾದೆಯನ್ನು ಅಂಕಪಟ್ಟಿಗೂ ಹೊಂದಿಸಿಕೊಂಡು ಕೊರಗುವುದನ್ನು ನಾವು ಕಾಣುತ್ತೇವೆ. ಆದರೆ ಅಂಕವೆಂಬುದು ಒಂದು ಲೆಕ್ಕ; ಅದರಲ್ಲಿ ಬಂದ ಕೊರತೆಯನ್ನು ತುಂಬಿಕೊಳ್ಳುವುದಕ್ಕೆ ಮಾರ್ಗವುಂಟು. ಅದಕ್ಕೆ ಬೇಗನೆ ಕೈಹಾಕಬೇಕು. ಸರಿಯಾದ ಕಡೆಯಲ್ಲಿ ಕೈಹಾಕಬೇಕು. ಇವೆರಡನ್ನು ಕುರಿತು ಕೊಂಚ ವಿಚಾರಮಾಡೋಣ.

ಮೊದಲು ಕಾಲದ ಮಾತು. ಈಗ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ವರ್ಷಕ್ಕೆ ಎರಡು ಸೆಮಿಸ್ಟರುಗಳು. ಒಂದೊಂದು ವಿಷಯಕ್ಕೆ ಇಷ್ಟಿಷ್ಟು ಕ್ರೆಡಿಟ್ಟುಗಳು. ಹತ್ತರ ಮಾನದಲ್ಲಿ ಸರಾಸರಿ. ಆರು ಸೆಮಿಸ್ಟರುಗಳಿಗೂ ಸಮನಾದ ಕ್ರೆಡಿಟ್ಟುಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದರಲ್ಲಿ 5 ಮಾತ್ರ ಪಡೆದವನು ಮುಂದಿನ ಐದರಲ್ಲಿ 7.5 ಗಳಿಸಿದರೆ, ಕೊನೆಯ ಸರಾಸರಿ 7.08 ಆಗುತ್ತದೆ. ಅದೇ ವಿದ್ಯಾರ್ಥಿ ನಾಲ್ಕು ಸೆಮಿಸ್ಟರುಗಳವರೆಗೆ 5ರಲ್ಲಿಯೇ ಉಳಿದು ಆಮೇಲೆ ಎಚ್ಚತ್ತರೆ, 7ನ್ನು ಮುಟ್ಟಲು ಉಳಿದೆರಡರಲ್ಲಿ ತಲಾ 11 ಬೇಕು. ಹತ್ತಕ್ಕೆ ಹನ್ನೊಂದನ್ನು ಕೊಡುವ ಪರೀಕ್ಷಕರು ಎಲ್ಲಿಯೂ ಇಲ್ಲ! ಮರುಪರೀಕ್ಷೆ, ಮರುಮೌಲ್ಯಮಾಪನ, ಅಂಕ ಉತ್ತಮಪಡಿಸಿಕೊಳ್ಳುವ ಅವಕಾಶ ಇವುಗಳ ನಿಯಮಗಳು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ರೀತಿ; ಅರ್ಜಿ ಸಲ್ಲಿಸುವ ಗಡುವೂ ಅಲ್ಪವಾಗಿರಬಹುದು. ಆದುದರಿಂದ ಫಲಿತಾಂಶ ಬಂದ ವಾರದಲ್ಲಿಯೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಇನ್ನು ಕಾರಣದ ಮಾತು. ರೋಗವನ್ನರಿಯದೆ ಮದ್ದು ಕೊಡುವುದುಂಟೆ? ಅಂಕಪಟ್ಟಿ ರೋಗದ ಹೆಸರನ್ನು ಹೇಳುವುದಿಲ್ಲ, ಉತ್ತರಪತ್ರಿಕೆ ಹೇಳುತ್ತದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಪರೀಕ್ಷಾರ್ಥಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ. ಅದನ್ನು ಅಧ್ಯಾಪಕರ ಮುಂದಿಟ್ಟು ಕೇಳಬೇಕು. ಕಡೆಯ ಉತ್ತರಗಳು ಅರ್ಧಕ್ಕೇ ನಿಂತಿದ್ದರೆ ವೇಗ ಸಾಲದು. ಸೂತ್ರ ಸರಿಯಾಗಿದ್ದು ಲೆಕ್ಕ ತಪ್ಪಿದ್ದರೆ ಅಭ್ಯಾಸ ಸಾಲದು. ಪ್ರಶ್ನೆಯೇ ತಿಳಿಯದಿದ್ದರೆ ತಳಹದಿಯೇ ಸಾಲದು. ಕನ್ನಡದಲ್ಲಿ ಕಲಿತು ಬಂದು ಕಾಲೇಜಿನಲ್ಲಿ ಇಂಗ್ಲಿಷಿನ ಪಾಠಕ್ಕೆ ಕಿವಿಗೊಡುವವರಿಗೆ ಭಾಷೆಯೇ ತೊಡಕಾಗಿರುವುದೂ ಉಂಟು. ಅಂಥವರು ವಿಷಯವನ್ನು ಮೊದಲು ತಮ್ಮ ನುಡಿಯಲ್ಲಿ ಹೇಳಿಕೊಂಡು, ಅನಂತರ ಪಾರಿಭಾಷಿಕ ಪದಗಳನ್ನು ದಿನದಿನವೂ ಬರೆದು ರೂಢಿಸುವುದು ಲೇಸು.

ಆದರೂ ಹಲವರ ಕೊರತೆ ಓದುವ ಕ್ರಮದಲ್ಲಿರುತ್ತದೆ. ಒಂದೇ ಪುಟವನ್ನು ನಾಲ್ಕು ಸಲ ಓದಿದಾಗ ಅದು ಪರಿಚಿತವಾಗಿ ಕಾಣುವುದು. ಮನಸ್ಸು ಆ ಪರಿಚಯವನ್ನೇ ಜ್ಞಾನವೆಂದು ಭ್ರಮಿಸುವುದು. ಕಲಿತದ್ದು ಎಷ್ಟು ಬೇಗ ಮರೆತುಹೋಗುವುದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ರೋಡಿಗರ್, ಕಾರ್ಪಿಕ್ ಎಂಬ ಅಮೆರಿಕದ ವಿದ್ವಾಂಸರು 2006ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಐದು ನಿಮಿಷಗಳ ತರುವಾಯ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯ ಕೇಳಿದಾಗ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿಯ ಓದಿನಿಂದ ಮೋಸಹೋಗುವುದೇಕೆಂಬುದು ಇದರಿಂದ ವಿಶದವಾಗುತ್ತದೆ. ಪಾಠವಾದ ದಿನವೇ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಪುಸ್ತಕ ಮುಚ್ಚಿ ಬರೆದು, ತೆರೆದು ತಿದ್ದಿಕೊಳ್ಳಲಿ. ಹಳೆಯ ಪ್ರಶ್ನಪತ್ರಿಕೆಗಳನ್ನು ಗಡಿಯಾರವಿಟ್ಟುಕೊಂಡು ಬಿಡಿಸಲಿ.

ಹಿರಿಯರಾದ ನಮಗೂ ಒಂದು ಹೊಣೆಯುಂಟು. ಬೈಗುಳಕ್ಕಂಜಿ ಮಕ್ಕಳು ಅಂಕಪಟ್ಟಿಯನ್ನು ಬಚ್ಚಿಟ್ಟರೆ, ಮೇಲೆ ಹೇಳಿದ ಲೆಕ್ಕದಲ್ಲಿ ಒಂದೊಂದಾಗಿ ಸೆಮಿಸ್ಟರುಗಳು ಕಳೆದುಹೋಗುತ್ತವೆ. ನಿದ್ದೆಗೆಟ್ಟು ಊಟಬಿಟ್ಟು ಮಂಕಾದವರಿಗೆ ಉಪದೇಶಕ್ಕಿಂತ ಆಸರೆ ಮುಖ್ಯ; 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಅಂಕಪಟ್ಟಿ ಮನೆಗೆ ಬಂದ ಸಂಜೆ, “ಏಕೆ ಹೀಗಾಯಿತು?” ಎಂದು ಗದರಿಸುವ ಬದಲು “ಎಲ್ಲಿ ತೊಡಕಾಯಿತು?” ಎಂದು ಕೇಳಿ, ಮಕ್ಕಳ ಪಕ್ಕದಲ್ಲಿ ಕುಳಿತು ಉತ್ತರಪತ್ರಿಕೆಯನ್ನು ಬಿಡಿಸಿ ನೋಡೋಣ.