ಹಸುಗೂಸಿಗೆ ಮೊದಲ ಗುಟುಕು ಯಾವುದು?

ಈ ಸಲ ಅಡಿಕೆ, ಕಾಫಿ ಧಾರಣೆಯ ಮಾತಲ್ಲ. ನಮ್ಮ ಮನೆಗಳಲ್ಲೂ ತೋಟದ ಕೂಲಿಕಾರರ ಮನೆಗಳಲ್ಲೂ ಹುಟ್ಟುವ ಕೂಸುಗಳ ಮಾತು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಕೂಸು ಹುಟ್ಟಿದೊಡನೆ ಜೇನುತುಪ್ಪವನ್ನೋ ಬೆಲ್ಲದ ನೀರನ್ನೋ ನೆಕ್ಕಿಸುವ ರೂಢಿಯುಂಟು. ಕೂಸು ಸೊರಗದಿರಲೆಂಬ ಹಿರಿಯರ ಕಾಳಜಿ ಸರಿಯೇ. ಹುಟ್ಟಿದ ಮೊದಲ ಗಂಟೆಗಳಲ್ಲಿ ಕೂಸಿನ ರಕ್ತದ ಸಕ್ಕರೆ ಇಳಿಯುತ್ತದೆ. ತೀರಾ ಇಳಿದರೆ ಮಿದುಳಿಗೇ ಪೆಟ್ಟು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ, ತಿಂಗಳು ತುಂಬದೆ ಹುಟ್ಟಿದ, ಸಕ್ಕರೆ ಕಾಯಿಲೆಯ ತಾಯಿಗೆ ಹುಟ್ಟಿದ ಕೂಸುಗಳಿಗೆ ಈ ಅಪಾಯ ಹೆಚ್ಚು.

ಆದರೆ ಮದ್ದು ಬೆಲ್ಲವಲ್ಲ, ತಾಯಿಯ ಮೊದಲ ಹಾಲು. ಕರು ಹಾಕಿದ ದಿನ ಗಿಣ್ಣುಹಾಲನ್ನು ಕರುವಿಗೆ ತಪ್ಪದೆ ಕುಡಿಸುವ ನಾವು, ಬಾಣಂತಿಯ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವುದು ಯಾವ ನ್ಯಾಯ? ಮೊದಲ ದಿನ ಕೂಸಿನ ಹೊಟ್ಟೆ ಹಿಡಿಯುವುದು ಒಂದೆರಡು ಚಮಚೆ ಮಾತ್ರ. ಅದನ್ನು ಸಿಹಿನೀರು ತುಂಬಿದರೆ ಕೂಸು ಮೊಲೆ ಚೀಪದು, ಹಾಲಿಳಿಯುವುದೂ ತಡವಾಗುತ್ತದೆ. ನೀರು, ಬೆರಳಿನ ಕೊಳೆಯಿಂದ ಭೇದಿಯೂ ಆದೀತು. ಮಧುಗಿರಿಯ ಹೆಸರಿನಲ್ಲೇ ಜೇನಿದೆ. ಆದರೂ ವರ್ಷ ತುಂಬುವ ತನಕ ಮಗುವಿಗೆ ಜೇನು ಸಲ್ಲದು. ಅದರಲ್ಲಿರಬಹುದಾದ ಒಂದು ರೋಗಾಣು ಎಳೆಯ ಕರುಳಲ್ಲಿ ವಿಷ ಹುಟ್ಟಿಸಿ ಮೈಯನ್ನು ನಿಶ್ಶಕ್ತಗೊಳಿಸುತ್ತದೆ.

ಆಸ್ಪತ್ರೆಯಲ್ಲೂ ಕೂಸಿನ ಕೆನ್ನೆಯ ಒಳಗೆ ಸಕ್ಕರೆ ಸವರುವುದಿಲ್ಲವೇ ಎಂದು ಕೇಳಬಹುದು. ಹೌದು, ನ್ಯೂಜಿಲೆಂಡಿನಲ್ಲಿ ನಡೆದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಗಿ, ಶೇಕಡ 40ರ ಗ್ಲೂಕೋಸ್ ಜೆಲ್ ಉಪಯುಕ್ತವೆಂದು ತೋರಿತು. ಅದು ರಕ್ತಪರೀಕ್ಷೆ ಮಾಡಿ, ತೂಕಕ್ಕೆ ತಕ್ಕಂತೆ ಅಳೆದು, ಎದೆಹಾಲಿನ ಜೊತೆಗೆ ಕೊಡುವ ಔಷಧ. ಅಡುಗೆಮನೆಯ ಬೆಲ್ಲ ಅದಕ್ಕೆ ಸಮವಲ್ಲ.

ಚಳಿಯೂ ಸಕ್ಕರೆಯ ಶತ್ರು. ಮೈ ತಣ್ಣಗಾದ ಕೂಸು ಬಿಸಿ ಉಳಿಸಿಕೊಳ್ಳಲು ಇದ್ದ ಸಕ್ಕರೆಯನ್ನೆಲ್ಲ ಸುಡುತ್ತದೆ. 2023ರ ಜುಲೈಯಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಊರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯೊಡನೆ ಇರಿಸಿದ್ದ ಕೂಸು ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಬಾಣಂತಿಗೂ ಕೂಸಿಗೂ ಮನೆಯ ಬೆಚ್ಚನೆ ಮೂಲೆಯೇ ಸಲ್ಲಬೇಕು.

ಮಾಡಬೇಕಾದದ್ದಿಷ್ಟು: ಹುಟ್ಟಿದ ಕೂಸನ್ನು ಒರೆಸಿ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಮೇಲೆ ಹೊದಿಸಿ, ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿ, ದಿನಕ್ಕೆ 8ರಿಂದ 12 ಸಲ ಹಾಲೂಡಿಸಿ, ಆರು ತಿಂಗಳು ಎದೆಹಾಲಲ್ಲದೆ ನೀರೂ ಬೇಡ. ಕೂಸು ನಡುಗಿದರೆ, ಜೋತುಬಿದ್ದರೆ, ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ ತಡಮಾಡದೆ 108ಕ್ಕೆ ಫೋನು ಮಾಡಿ.

ಮನೆಯ ಬೆಲ್ಲ, ಕೊಬ್ಬರಿ, ಅಂಟಿನುಂಡೆ ಬಾಣಂತಿಯ ತಟ್ಟೆಗೆ ಬೀಳಲಿ. ಕೂಸಿನ ಪಾಲಿನ ಸಿಹಿಯನ್ನು ತಾಯಿಯ ಎದೆಯೇ ಒದಗಿಸುತ್ತದೆ.