ಮನೆಯಲ್ಲೇ ಚಾಕೊಲೇಟ್ ಸಾಸ್: ಹಾಲು ಯಾವ ಹಸುವಿನದು?

ಐಸ್‌ಕ್ರೀಂ ಮೇಲೆ ಸುರಿಯುವ ಚಾಕೊಲೇಟ್ ಸಾಸ್ ಬೇಕೆಂದು ಮಕ್ಕಳು ಹಟ ಹಿಡಿದರೆ ಅಂಗಡಿಯ ಬಾಟಲಿಯೇ ಆಗಬೇಕಿಲ್ಲ. ಹಾಲು ನಮ್ಮ ಮನೆಯಲ್ಲೇ ಇದೆ, ಕೋಕೋ ಪುಡಿ ತಂದರಾಯಿತು. ಕೋಕೋ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೂ ಬೆಳೆಯುತ್ತದೆ. ನಮ್ಮ ಒಕ್ಕೂಟದಂತೆಯೇ ರೈತರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ‘ಡ್ರಿಂಕಿಂಗ್ ಚಾಕೊಲೇಟ್’ ಮಾತ್ರ ತರಬೇಡಿ, ಅದರಲ್ಲಿ ಸಕ್ಕರೆಯೇ ಹೆಚ್ಚು.

ಒಂದು ಲೋಟ (200 ಮಿ.ಲೀ.) ಹಾಲು ಕಾಯಿಸಿ ಆರಿಸಿ. 4 ದೊಡ್ಡ ಚಮಚ ಕೋಕೋ, 6 ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು ಒಣದಾಗಿಯೇ ಬೆರೆಸಿ. ಸ್ವಲ್ಪ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ಹಾಲು ಸೇರಿಸಿ. ಸಣ್ಣ ಉರಿಯಲ್ಲಿ 6-8 ನಿಮಿಷ ಕೈಯಾಡಿಸುತ್ತಿರಿ. ಇಳಿಸಿ ಒಂದು ಚಮಚ ಬೆಣ್ಣೆ ಹಾಕಿ. ಆರಿದ ಮೇಲೆ ಗಟ್ಟಿಯಾಗುತ್ತದೆ, ಒಲೆಯ ಮೇಲೆ ನೀರಾಗಿದೆಯೆಂದು ಗಾಬರಿ ಬೇಡ. ಫ್ರಿಜ್‌ನಲ್ಲಿ 4-5 ದಿನ ಇರುತ್ತದೆ. ಬಾಳೆಹಣ್ಣಿನ ಮೇಲೂ ಚೆನ್ನ, ನನಗೆ ಕೇಳಿದರೆ ರಾಗಿ ಹಾಲುಬಾಯಿಯ ಮೇಲೆ ಇನ್ನೂ ಚೆನ್ನ.

ಈಗ ಹಾಲಿನ ಮಾತು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟು, ಹಾಲು ಡೇರಿಗೆ ಹಾಕಬೇಡಿ ಎಂದರೆ, “ಹಾಕಲ್ಲ ಮೇಡಂ, ಮನೆಗೇ ಇಟ್ಕೋತೀವಿ” ಎನ್ನುವವರು ಮಾಲೂರಿನಲ್ಲೂ ಇದ್ದಾರೆ, ಮುಳಬಾಗಿಲು, ಶ್ರೀನಿವಾಸಪುರದಲ್ಲೂ ಇದ್ದಾರೆ. ಡೇರಿಗೆ ಬೇಡವಾದ ಹಾಲು ನಮ್ಮ ಮಕ್ಕಳಿಗೆ ಹೇಗೆ ಆದೀತು? ಕಾಯಿಸಿದರೆ ಆಂಟಿಬಯೋಟಿಕ್ ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಆಗದವರಿಗೆ ಮೈಯೆಲ್ಲ ದದ್ದೆದ್ದೀತು, ಉಸಿರೂ ಕಟ್ಟೀತು. ಔಷಧಿ ಒಂದೇ ಮೊಲೆಗೆ ಹಾಕಿದ್ದರೂ ರಕ್ತದ ಮೂಲಕ ಉಳಿದ ಮೂರಕ್ಕೂ ಸೇರುತ್ತದೆ. ಸಾಸ್‌ನಲ್ಲಿ ಇನ್ನೊಂದು ತೊಂದರೆ: ಕೋಕೋ ಹಾಕಿದ ಮೇಲೆ ಹಾಲಿನ ಬಣ್ಣವೂ ಗೊತ್ತಾಗದು, ವಾಸನೆಯೂ ಗೊತ್ತಾಗದು. ಎಷ್ಟು ದಿನ ಬಿಡಬೇಕೆಂಬುದು ಔಷಧಿಯಿಂದ ಔಷಧಿಗೆ ಬೇರೆ. ಹಲವಕ್ಕೆ ಕೊನೆಯ ಡೋಸಿನಿಂದ 3-4 ದಿನ, ಕೆಲವಕ್ಕೆ ಇನ್ನೂ ಹೆಚ್ಚು. ಚಿಕಿತ್ಸೆಯ ದಿನವೇ ವೈದ್ಯರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಯವರೆಗೆ ಆ ಹಾಲು ಕರುವಿಗೂ ಬೇಡ, ಗುಂಡಿಗೆ ಚೆಲ್ಲಿ.

ಪಾತ್ರೆ ನೆಕ್ಕಲು ನಾಯಿಗೆ ಇಡಬೇಡಿ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ: ವಾಂತಿ, ಚಡಪಡಿಕೆ, ಎದೆಬಡಿತ, ಹೆಚ್ಚಾದರೆ ಫಿಟ್ಸ್. ತಿಂದಿದ್ದರೆ ಲಕ್ಷಣಕ್ಕೆ ಕಾಯದೆ ಪಶು ಆಸ್ಪತ್ರೆಗೆ ಫೋನ್ ಮಾಡಿ. ಮಿಕ್ಕ ಸಾಸ್ ಹಸುವಿನ ಕಲಗಚ್ಚಿಗೂ ಸೇರಬಾರದು.